ಒಂದು ರೌಂಡ್ ತಾನೇ?

ಕಳೆದ ದೀಪಾವಳಿಗೆ ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಚಕ್ಕುಲಿ ಜೊತೆಗೆ ಒಂದು ಜಗಳವನ್ನೂ ತಿಂದು ಬಂದೆ. ಅಣ್ಣನ ಮಗನಿಗೆ ಹತ್ತೊಂಬತ್ತು ವರ್ಷ. ಬಿ.ಕಾಂ. ಎರಡನೇ ವರ್ಷ. ಅದೇ ಸೊಸೈಟಿಯ ಮೂರು ಮನೆಯ ನಾಯಿಗಳನ್ನು ಬೆಳಿಗ್ಗೆ ಸಂಜೆ ಅಡ್ಡಾಡಿಸಿ ತಿಂಗಳಿಗಿಷ್ಟು ಅಂತ ತಗೋತೀನಿ, ಕಾಲೇಜಿಗೆ ಏನೂ ತೊಂದರೆಯಾಗುವುದಿಲ್ಲ ಎಂದು ಅವನು ಊಟದ ಹೊತ್ತಿನಲ್ಲಿ ಹೇಳಿದ.

ಅಣ್ಣ ತಟ್ಟೆಯಿಂದ ಕೈ ತೆಗೆದ. "ನಾಯಿ ಹಿಡಕೊಂಡು ತಿರಗಾಕ ನಿನ್ನ ಕಾಲೇಜಿಗೆ ಹಾಕೀನೇನು? ಹುಬ್ಬಳ್ಳ್ಯಾಗ ಮಂದಿಗೆ ಏನಂತ ಹೇಳ್ಲಿ?"

ವೈನಿ ಸುಮ್ಮನೆ ಸಾರು ಬಡಿಸಿದರು. ಹುಡುಗ ನನ್ನ ಮುಖ ನೋಡಿದ. "ಅತ್ತಿ, ನೀನರ ಹೇಳ."

ಅವತ್ತು ನಾನು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ನನಗೇ ಗೊತ್ತಿರಲಿಲ್ಲ ಅನ್ನುವುದು ಎರಡು ತಿಂಗಳ ನಂತರ ತಿಳಿಯಿತು. ಈ ಬರಹ ಎರಡೂ ಅರ್ಧಗಳ ಬಗ್ಗೆ.

ಮೊದಲು ಅಣ್ಣನ ಮಾತು. ಇದೇ ಅಣ್ಣ ಕೆಲವು ವಾರಗಳ ಹಿಂದೆ ಮನೆಯ ವಾಟ್ಸ್‌ಆಪ್ ಗುಂಪಿಗೆ ಒಂದು ವಿಡಿಯೋ ಕಳಿಸಿದ್ದ. ಅಮೆರಿಕದ ಯಾವನೋ ಹುಡುಗ ಐದಾರು ನಾಯಿಗಳನ್ನು ಒಟ್ಟಿಗೆ ಹಿಡಿದು ಪಾರ್ಕಿನಲ್ಲಿ ನಡೆಯುತ್ತಿದ್ದಾನೆ, ಕಾಲೇಜಿನ ಫೀಸನ್ನು ತಾನೇ ದುಡಿದು ಕಟ್ಟುತ್ತಾನಂತೆ. ಕೆಳಗೆ ಅಣ್ಣನ ಷರಾ: "ಅಲ್ಲಿ ಹುಡುಗರ ಸ್ವಾವಲಂಬನ ನೋಡ್ರಿ." ಸೊಸೈಟಿಯ ಗೇಟಿನಲ್ಲಿ ಕೂರುವ ವಾಚ್‌ಮನ್‌ನ ಮಗನೂ ಇದೇ ಕೆಲಸ ಮಾಡುತ್ತಿದ್ದ. ಅದನ್ನು ಅಣ್ಣ ದಿನವೂ ನೋಡುತ್ತಿದ್ದ, ಅದರ ಬಗ್ಗೆ ಯಾವ ಷರಾವೂ ಬಂದಿರಲಿಲ್ಲ. ದೂರ ದೇಶದವನು ಮಾಡಿದರೆ ಸ್ವಾವಲಂಬನೆ, ವಾಚ್‌ಮನ್‌ನ ಮಗ ಮಾಡಿದರೆ ಗಮನಕ್ಕೇ ಬಾರದ ಸಂಗತಿ, ನಮ್ಮ ಮಗ ಮಾಡಿದರೆ ಮಾನ ಹೋಗುವ ವಿಷಯ. ನಾನು ಭಾಷಾವಿಜ್ಞಾನ ಓದಿದವಳು. ಒಂದೇ ವಸ್ತುವಿಗೆ ಮೂರು ಹೆಸರು ಕಂಡರೆ ವಸ್ತುವನ್ನು ಬಿಟ್ಟು ಹೆಸರಿಟ್ಟವರ ಕಡೆ ನೋಡುವ ಚಟ ನನಗಿದೆ.

ನಮಗೆ ನಾಯಿಯೆಂದರೆ ಅಸಹ್ಯ, ಅದಕ್ಕೇ ಈ ಮುಜುಗರ ಎಂದು ಕೆಲವರು ಹೇಳಬಹುದು. ನಾಯಿಪಾಡು, ನಾಯಿಬುದ್ಧಿ, ನಾಯಿಬಾಲ ಎಲ್ಲ ನಮ್ಮ ಬಾಯಲ್ಲಿವೆ, ನಿಜ. ಆದರೆ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಎಂದ ಧರ್ಮರಾಯನ ಕಥೆ ಹೇಳಿ ಮಕ್ಕಳನ್ನು ಬೆಳೆಸಿದವರೂ ನಾವೇ. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿಗೂ ಸೇರಿಸಿಯೇ ಊದಿನಕಡ್ಡಿ ಬೆಳಗುತ್ತೇವೆ. ಮೈಲಾರಲಿಂಗನ ದೋಣಿ ಸೇವೆಯಲ್ಲಿ ಗೊರವರು ನಾಯಿಯಂತೆ ಬೊಗಳಿ ಉಣ್ಣುವುದನ್ನು ಕೈಮುಗಿದು ನೋಡುತ್ತೇವೆ. ಅದೇ ದೇವರು ಪುಣೆಯ ಹತ್ತಿರ ಜೇಜುರಿಯಲ್ಲಿ ಖಂಡೋಬನಾಗಿದ್ದಾನೆ, ಅಣ್ಣ ವರ್ಷಕ್ಕೊಮ್ಮೆ ಹೋಗಿ ಭಂಡಾರ ಹಚ್ಚಿಕೊಂಡು ಬರುತ್ತಾನೆ. ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಇನ್ನೊಬ್ಬರ ನಾಯಿಯನ್ನು ಕೂಲಿಗೆ ಹಿಡಿದವನನ್ನು ಕಂಡರೆ ನಮಗಾಗುವುದಿಲ್ಲ. ಸಂಸ್ಕೃತದಲ್ಲಿ ಶ್ವಪಚ ಎಂಬ ಪದವಿದೆ. ನಾಯಿಯನ್ನು ಬೇಯಿಸಿ ತಿನ್ನುವವನು ಎಂಬ ಅರ್ಥದ ಆ ಪದವನ್ನು ಒಂದಿಡೀ ಜನಸಮುದಾಯದ ಮೇಲೆ ಬೈಗುಳವಾಗಿ ಹೊರಿಸಲಾಗಿತ್ತು. ಆ ಹಳೆಯ ಕೊಳೆ ಊಟದ ಮೇಜಿಗೆ ಬಂದಾಗ "ಮಂದಿ ಏನಂತಾರ" ಎಂಬ ಮೃದುವಾದ ಮಾತಾಗಿ ಕೇಳಿಸುತ್ತದೆ.

ಇದಕ್ಕೆ ಪ್ರತಿಯಾಗಿ ನನ್ನ ಬಳಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ಈ ಕಥೆ ಬಹಳ ಜನಕ್ಕೆ ಗೊತ್ತು. ಕಥೆಯ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ: ಆ ಕಲ್ಲನ್ನು ನೋಡಿಕೊಳ್ಳುವುದಕ್ಕೆ ಭೂಮಿ ಬಿಟ್ಟರು, ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದರು. ಕೆಲಸ ಯಾವುದು, ಅದಕ್ಕೆ ಪ್ರತಿಫಲ ಏನು, ತಪ್ಪಿದರೆ ಏನು ಎಲ್ಲ ಕಲ್ಲಿನ ಮೇಲಿದೆ. ಸತ್ತ ನಾಯಿಯ ನೆನಪನ್ನು ಕಾಯುವವನಿಗೂ ಸಾವಿರ ವರ್ಷದ ಹಿಂದೆ ಬರಹದಲ್ಲಿ ಕರಾರಿತ್ತು. ಇವತ್ತು ಬದುಕಿರುವ ನಾಯಿಯನ್ನು ಕಾಯುವ ಹುಡುಗನಿಗೆ ಸಿಗುವುದು "ಒಂದು ರೌಂಡ್ ತಾನೇ, ಏನಾದರೂ ಕೊಡೋಣ" ಎಂಬ ಮಾತು.

ಆ ಒಂದು ರೌಂಡಿನಲ್ಲಿ ಏನೇನಿದೆ ನೋಡಿ. ಮಾಲೀಕರು ಆಫೀಸಿಗೆ ಹೋದಮೇಲೆ ಅವರ ಮನೆಯ ಬೀಗದ ಕೈ ಈ ಹುಡುಗನ ಜೇಬಿನಲ್ಲಿರುತ್ತದೆ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಬೆಕ್ಕು ಕಂಡು ನುಗ್ಗಿದಾಗ ಬೆಲ್ಟನ್ನು ಹಿಡಿದು ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ಡಾಂಬರಿನ ಮೇಲೆ ಅಂಗೈ ಇಟ್ಟು ನೋಡಬೇಕು, ತನ್ನ ಕೈ ತಾಳದಿದ್ದರೆ ನಾಯಿಯ ಪಾದವೂ ತಾಳುವುದಿಲ್ಲ. ಯಾವ ತಿರುವಿನಲ್ಲಿ ಬೀದಿನಾಯಿಗಳ ಗುಂಪು ತನ್ನ ಗಡಿ ಕಾಯುತ್ತದೆ ಎಂದು ತಿಳಿದಿರಬೇಕು. ಪಟಾಕಿಯ ಸದ್ದಿಗೆ ಕೊರಳಪಟ್ಟಿಯಿಂದ ತಲೆ ಕಳಚಿಕೊಂಡು ಓಡುವ ನಾಯಿಗೆ ಹಾರ್ನೆಸ್ ಹಾಕಬೇಕು. ಹೇಲನ್ನು ಕಾಗದದಲ್ಲಿ ಎತ್ತಬೇಕು. ಲಿಫ್ಟಿನಲ್ಲಿ ಮುಖ ಸಿಂಡರಿಸುವ ಕಾಕಾನಿಗೆ ನಯವಾಗಿ ಉತ್ತರ ಕೊಡಬೇಕು.

ಇನ್ನು ಕಚ್ಚಿದರೆ? ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಾದರೆ ಒಂದು ತಿಂಗಳೊಳಗೆ ಐದು ಚುಚ್ಚುಮದ್ದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಪ್ರಾಣಿಗಳ ನಡುವೆ ಕೆಲಸ ಮಾಡುವವರು ಮೊದಲೇ ಹಾಕಿಸಿಕೊಳ್ಳುವ ಲಸಿಕೆಯೂ ಇದೆ. ಹಾಕಿಸಿಕೊಂಡಿದ್ದರೂ ಕಚ್ಚಿದಾಗ ಆಸ್ಪತ್ರೆ ತಪ್ಪುವುದಿಲ್ಲ. ಈ ಖರ್ಚು ಯಾರದು ಎಂದು ಎಷ್ಟು ಮನೆಗಳಲ್ಲಿ ಮೊದಲೇ ಮಾತಾಗಿರುತ್ತದೆ?

"ತಾನೇ" ಎಂಬ ಎರಡಕ್ಷರ ನನಗೆ ಚೆನ್ನಾಗಿ ಪರಿಚಯ. ಅನುವಾದಕಿಯಾಗಿ ಎಂಟು ವರ್ಷದಿಂದ ಕೇಳುತ್ತಿದ್ದೇನೆ. ಎರಡು ಪುಟ ತಾನೇ. ನಿಮಗೆ ಕನ್ನಡ ಬರುತ್ತದೆ ತಾನೇ. ಬರುವ ಕೆಲಸಕ್ಕೆ ದುಡ್ಡೇಕೆ ಅನ್ನುವುದು ಅದರ ಇಂಗಿತ. ಮೊದಲ ಎರಡು ವರ್ಷ ನಾನು ದರ ಹೇಳಲು ನಾಚಿ, ಅನುಭವವಾಗುತ್ತದೆ ಎಂದು ಕಡಿಮೆಗೆ ಮಾಡಿಕೊಟ್ಟೆ. ನನ್ನ ನಾಚಿಕೆಯಿಂದ ನನ್ನೊಬ್ಬಳಿಗೆ ನಷ್ಟವಾಗಲಿಲ್ಲ. ನನ್ನ ನಂತರ ಬಂದವರಿಗೂ "ಅವರು ಇಷ್ಟಕ್ಕೇ ಮಾಡಿದ್ದರಲ್ಲ" ಎಂಬ ಉತ್ತರ ಸಿಕ್ಕಿತು. ಆದ್ದರಿಂದ ಅಣ್ಣನ ಮಗನಿಗೆ ಹೇಳಿದೆ: ಮೊದಲ ದಿನವೇ ದರ ಹೇಳು, ಕಾಗದದಲ್ಲಿ ಬರೆದು ಕೊಡು. ಒಂದು ನಾಯಿಗೆ ತಿಂಗಳಿಗೆ 2,500 ರೂಪಾಯಿ ಎಂದು ಇಂಗ್ಲಿಷಿನಲ್ಲಿ ಚೆಂದದ ಕಾರ್ಡು ನಾನೇ ಮಾಡಿಕೊಟ್ಟೆ. ಅಣ್ಣ ಮುಖ ತಿರುಗಿಸಿಕೊಂಡೇ ಒಪ್ಪಿದ.

ಎರಡು ತಿಂಗಳಾದ ಮೇಲೆ ಹುಡುಗ ಫೋನು ಮಾಡಿದ. ದನಿ ಸಣ್ಣದಾಗಿತ್ತು. "ಅತ್ತಿ, ಎರಡನೇ ಮಹಡಿ ಲ್ಯಾಬ್ರಡಾರ್ ಐತೆಲ್ಲ, ಅದನ್ನ ಮೊದಲು ವಾಚ್‌ಮನ್‌ನ ಮಗ ಅಡ್ಡಾಡಸ್ತಿದ್ದನಂತ. ಎಂಟನೂರಕ್ಕ. ನಾ ಬಂದಮ್ಯಾಲೆ ಅವನ್ನ ಬಿಡಿಸ್ಯಾರ."

ಆ ಮನೆಯವರು ಮೂರು ಪಟ್ಟು ಹಣವನ್ನು ಖುಷಿಯಿಂದ ಕೊಟ್ಟಿದ್ದರು. ಒಳ್ಳೆ ಮನೆಯ ಹುಡುಗ, ಇಂಗ್ಲಿಷ್ ಮಾತಾಡುತ್ತಾನೆ, ಬೀಗದ ಕೈ ಕೊಟ್ಟರೂ ಭಯವಿಲ್ಲ. ವಾಚ್‌ಮನ್‌ನ ಮಗ ಎರಡು ವರ್ಷ ಅದೇ ಬೀಗದ ಕೈ ಹಿಡಿದಿದ್ದ, ಒಂದು ಚಮಚವೂ ಕಳೆದಿರಲಿಲ್ಲ. ನಾನು ಊಟದ ಮೇಜಿನಲ್ಲಿ ವಾದಿಸಿ ಗೆದ್ದದ್ದು ಕೆಲಸದ ಮರ್ಯಾದೆಯನ್ನಲ್ಲ, ನಮ್ಮ ಹುಡುಗನ ಮರ್ಯಾದೆಯನ್ನು. ಅವನ ಓರಗೆಯ ಇನ್ನೊಬ್ಬ ಹುಡುಗ ಅದಕ್ಕೆ ಬೆಲೆ ತೆತ್ತ.

ಯುವಕರು ಬಿಸಿನೆಸ್ ಮಾಡಬೇಕು ಎಂದು ಭಾಷಣ ಮಾಡುವವರಿಗೆ ಇಲ್ಲಿ ನನ್ನದೊಂದು ತಕರಾರಿದೆ. ಲೋಗೋ ಮಾಡಿ, ಹೆಸರಿಡಿ, ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಮೊದಲ ವಾರ ಬಿಟ್ಟಿ ಕೊಡಿ ಎಂದೆಲ್ಲ ಹೇಳುತ್ತೀರಿ. ನೀವು ಹೊರಡುವ ದಾರಿಯಲ್ಲಿ ಆ ಕೆಲಸ ಈಗಾಗಲೇ ಮಾಡುತ್ತಿರುವವರು ಯಾರು, ಅವರಿಗೆ ಎಷ್ಟು ಸಿಗುತ್ತಿದೆ ಎಂದು ಕೇಳಿ ಬನ್ನಿ ಎಂದು ಯಾವ ಭಾಷಣದಲ್ಲೂ ಕೇಳಿಲ್ಲ. ನಾನೂ ಕೇಳಿ ಬಾ ಎಂದಿರಲಿಲ್ಲ.

ಹುಡುಗ ನನಗಿಂತ ವಾಸಿ. ತಾನೇ ಗೇಟಿಗೆ ಹೋಗಿ ಮಾತಾಡಿದ. ಮೊದಲ ದಿನ ಅವನು ಮಾತಾಡಲಿಲ್ಲ. ಮೂರನೇ ದಿನ, ಆ ಲ್ಯಾಬ್ರಡಾರ್ ಸ್ಕೂಟರ್ ಸದ್ದಿಗೆ ಯಾಕೆ ಹೆದರುತ್ತದೆ, ಎಡಗಡೆಯಿಂದ ನಡೆಸಿದರೆ ಹೇಗೆ ಸುಮ್ಮನಿರುತ್ತದೆ ಎಂದು ಹೇಳಿಕೊಟ್ಟ. ಈಗ ಇಬ್ಬರದೂ ಒಂದೇ ಕಾಗದ, ಒಂದೇ ದರ. ಬೆಳಿಗ್ಗೆ ಅವನು, ಸಂಜೆ ಇವನು. ಕಾಗದವನ್ನು ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಾನು ಬರೆದುಕೊಟ್ಟೆ: ಹೊತ್ತು, ದರ, ವಾರಕ್ಕೊಂದು ರಜೆ, ನಾಯಿಯ ಲಸಿಕೆಯ ಪುಸ್ತಕ ತೋರಿಸುವುದು, ಕಚ್ಚಿದರೆ ಚಿಕಿತ್ಸೆಯ ಖರ್ಚು ಮನೆಯವರದು. ಮೂರು ಮನೆಯಲ್ಲಿ ಎರಡು ಮನೆಯವರು ಸಹಿ ಮಾಡಿದರು. ಲ್ಯಾಬ್ರಡಾರಿನ ಮನೆಯವರು "ಅವನಿಗೂ ಅಷ್ಟೇನಾ?" ಎಂದು ಕೇಳಿ, ಬೇರೆಯವರನ್ನು ಹುಡುಕಿಕೊಂಡರು. ಇಬ್ಬರ ಆದಾಯವೂ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಹೀಗಾಗಿ ಮುಂಬೈ, ಚೆನ್ನೈ, ಹೈದರಾಬಾದು, ದೆಹಲಿಯ ಫ್ಲ್ಯಾಟುಗಳಲ್ಲಿ ಇದನ್ನು ಓದುತ್ತಿರುವ ನಿಮ್ಮನ್ನು ನೇರವಾಗಿ ಕೇಳುತ್ತೇನೆ. ನಿಮ್ಮ ಮಕ್ಕಳು ಈ ಕೆಲಸ ಮಾಡುತ್ತೇನೆಂದರೆ ತಡೆಯಬೇಡಿ. ಹದಿನೆಂಟು ತುಂಬದವರ ಕರಾರಿಗೆ ಕಾನೂನಿನ ಬಲವಿಲ್ಲ, ಅಂಥವರಾದರೆ ಮಾತುಕತೆಗೆ ನೀವು ಜೊತೆಗೆ ಹೋಗಿ. ಈಗಾಗಲೇ ಈ ಕೆಲಸ ಯಾರ ಕೈಯಲ್ಲಿದೆ ಎಂದು ಮೊದಲು ವಿಚಾರಿಸಿಕೊಂಡು ಬರಲಿ. ನಿಮ್ಮ ಮನೆಯಲ್ಲೇ ನಾಯಿ ಇದ್ದರೆ, ಅದನ್ನು ಹಿಡಿಯುವವನಿಗೆ ನಿಮ್ಮ ಮಗನಿಗೆ ಎಷ್ಟು ಸಿಗಬೇಕು ಅನ್ನಿಸುತ್ತದೋ ಅಷ್ಟನ್ನೇ ಕೊಡಿ, ಲಸಿಕೆಯ ಮಾತನ್ನು ಇವತ್ತೇ ಆಡಿ.

ಸಂಕ್ರಾಂತಿಗೆ ಅಣ್ಣನ ಮನೆಗೆ ಹೋದಾಗ ಹುಬ್ಬಳ್ಳಿಯಿಂದ ದೊಡ್ಡಮ್ಮನ ಫೋನು ಬಂತು. ಮೊಮ್ಮಗ ಏನು ಮಾಡಾಕತ್ತಾನ ಎಂದು ಕೇಳಿದಳಂತೆ. ಅಣ್ಣ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದ. "ಏನಂತ ಹೇಳ್ಲಿ? ಭಾಷಾ ಓದಿದಾಕಿ ನೀನು, ಒಂದು ಚೊಲೋ ಶಬ್ದ ಕೊಡು."

"ನಾಯಿ ಅಡ್ಡಾಡಸ್ತಾನ ಅಂತ ಹೇಳು. ಎಷ್ಟು ಗಳಸ್ತಾನ ಅದನ್ನೂ ಹೇಳು."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ದನಿ ತಗ್ಗಿಸಿ.