ಜಹಗೀರೋ, ಠೇವಣಿಯೋ?

ಅಧಿಕಾರವೆಂಬುದಕ್ಕೆ ರೂಪವಿಲ್ಲ. ಬಡ ರೈತನಿಗೆ ಅದು ಕಾಣಿಸುವುದು ಒಂದು ಮೊಹರಿನಲ್ಲಿ, ಒಂದು ರುಜುವಿನಲ್ಲಿ, ಕಚೇರಿಗೆ ನಡೆಯಬೇಕಾದ ಹಾದಿಯ ಉದ್ದದಲ್ಲಿ.

ದಿವಾನ್ ಪೂರ್ಣಯ್ಯನವರ ಸೇವೆಗೆ ಮೆಚ್ಚುಗೆಯಾಗಿ 1807ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ, ಯಳಂದೂರು ಜಹಗೀರಾಗಿ ಸಂದಿತು. ಊರಿನವರ ಒಪ್ಪಿಗೆ ಕೇಳುವ ರೂಢಿ ಆ ಕಾಲಕ್ಕೆ ಇರಲಿಲ್ಲ. ನೆರೆಯ ಕೊಳ್ಳೇಗಾಲ ಮದರಾಸು ಆಡಳಿತಕ್ಕೆ ಸೇರಿದ್ದಿತು. ಅಲ್ಲಿಯ ಕನ್ನಡಿಗನ ಅಹವಾಲು ಕೊಯಮತ್ತೂರಿನ ಕಲೆಕ್ಟರ ಕಚೇರಿಯವರೆಗೆ ಹೋಗಬೇಕಾಗಿತ್ತು. 1956ರ ನವೆಂಬರ್ 1ರಂದು ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರವೇ ಜಿಲ್ಲೆಯಾಯಿತು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಸೇರಿತು. ನೆಲ ಕದಲಲಿಲ್ಲ, ಕಚೇರಿ ಹತ್ತಿರವಾಯಿತು.

ಕಚೇರಿ ಹತ್ತಿರವಾದ ಮಾತ್ರಕ್ಕೆ ಅಧಿಕಾರ ಜನರದಾಗುವುದೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಬೇಕು. 1974ರಲ್ಲಿ ಅವರ ಕಾಡು ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಾಡಿನೊಳಗಿನ ಬೇಸಾಯ ನಿಂತಿತು, ಹಾಡಿಗಳು ಎತ್ತಂಗಡಿಯಾದವು. ಮುಂದೆ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿ ಮೊದಲಾದವನ್ನು ಸಂಗ್ರಹಿಸುವ ಹಕ್ಕುಪತ್ರ ದೊರೆಯಿತು. ಬಾಗಿಲು ಮುಚ್ಚಿದುದೂ ಸರ್ಕಾರದ ಮೊಹರೇ, ತೆರೆದುದೂ ಅದೇ. ನಡುವೆ ಒಂದು ತಲೆಮಾರು ಸವೆದುಹೋಯಿತು.

ಸವೆದ ಆ ವರ್ಷಗಳನ್ನು ಯಾವ ಹಕ್ಕುಪತ್ರವೂ ಹಿಂದಿರುಗಿಸಲಾರದು. ಆದುದರಿಂದಲೇ ಮೊಹರು ಹಿಡಿದ ಕೈಗೆ ಎಚ್ಚರ ಬೇಕು. ಜಹಗೀರುಗಳ ಕಾಲ ಮುಗಿದಿದೆ. ಇಂದಿನ ಅಧಿಕಾರ ಜನರು ನಂಬಿ ಒಪ್ಪಿಸಿದ ಠೇವಣಿ. ಕೇಳಿದ ದಿನ ಲೆಕ್ಕ ಒಪ್ಪಿಸಲೇಬೇಕು.