ಬಳೆ ತೊಟ್ಟ ಕೈಯ ಹಿಡಿತ

"ನಾವೇನು ಕೈಗೆ ಬಳೆ ತೊಟ್ಟುಕೊಂಡು ಕೂತಿಲ್ಲ!" ಈ ಮಾತನ್ನು ನೀವೂ ಕೇಳಿಯೇ ಇರುತ್ತೀರಿ. ಚುನಾವಣೆಯ ಭಾಷಣದಲ್ಲಿ, ಬಸ್ಸಿನ ಸೀಟಿಗಾಗಿ ನಡೆಯುವ ಜಗಳದಲ್ಲಿ, ಅಣ್ಣತಮ್ಮಂದಿರ ಹಿಸ್ಸೆಯ ಪಂಚಾಯಿತಿಯಲ್ಲಿ ಇದು ಒಮ್ಮೆಯಾದರೂ ಬರದಿದ್ದರೆ ಗಂಡಸರ ಪೌರುಷಕ್ಕೆ ಉಪ್ಪು ಕಡಿಮೆಯಾದಂತೆ. ಆಡುವವರು ಆಡಿ, ಮನೆಗೆ ಹೋಗಿ, ಕೈ ತೊಳೆದು ಊಟಕ್ಕೆ ಕೂರುತ್ತಾರೆ. ಆ ಕೈ ತೊಳೆಯುವ ನೀರನ್ನು ಬಾವಿಯಿಂದ ಸೇದಿದ ಕೈಯಲ್ಲಿ, ಅನ್ನದ ಚರಿಗೆಯನ್ನು ಬಿಸಿಬಿಸಿಯಾಗಿ ಎತ್ತಿ ಬಸಿದ ಕೈಯಲ್ಲಿ ಬಳೆ ಇತ್ತೆಂಬುದು ಅವರ ನೆನಪಿಗೆ ಬರುವುದಿಲ್ಲ.

ಅವರನ್ನು ಬಿಡಿ. ಬಳೆಗೂ ಬಲಕ್ಕೂ ಆಗಿಬರುವುದಿಲ್ಲ ಎಂಬ ಈ ತೀರ್ಮಾನವನ್ನು ನಾವು ಹೆಂಗಸರೇ ತಲೆಯ ಮೇಲೆ ಹೊತ್ತು ತಿರುಗುತ್ತೇವಲ್ಲ, ನನ್ನ ತಕರಾರು ಅದು. ಬಳೆ ಅಂಗಡಿಯಲ್ಲಿ ಕೈ ಚಾಚಿದಾಗ "ಅಮ್ಮನ ಕೈ ಬೆಣ್ಣೆಯ ಹಾಗಿದೆ" ಎಂದರೆ ಹಿಗ್ಗುತ್ತೇವೆ. "ಕೈ ಸ್ವಲ್ಪ ಗಡಸು, ಒಂದು ಅಳತೆ ದೊಡ್ಡದು ಬೇಕು" ಎಂದರೆ ಮುಖ ಸಣ್ಣದು ಮಾಡುತ್ತೇವೆ. ಗಡಸಾದದ್ದು ಯಾಕೆ? ದುಡಿದು. ಹಾಗಿದ್ದರೆ ನಾಚಿಕೆ ಯಾಕೆ?

ನಾನು ಹುಟ್ಟಿ ಬೆಳೆದದ್ದು ಭಟ್ಕಳದ ಹತ್ತಿರದ ಶಿರಾಲಿಯಲ್ಲಿ. ಮದುವೆಯಾಗಿ ಬಂದದ್ದು ಹೊನ್ನಾವರಕ್ಕೆ. ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಬ್ಲೌಸಿನ ಅಸ್ತರು, ಶಾಲೆಯ ಯೂನಿಫಾರ್ಮಿನ ದಪ್ಪ ಬಟ್ಟೆ, ನಾಲ್ಕು ಪದರ ಒಟ್ಟಿಗೆ ಇಟ್ಟು ಕತ್ತರಿಸುವ ಕತ್ತರಿ. ಇವೆಲ್ಲ ಸೇರಿ ನನ್ನ ಬಲಗೈಯನ್ನು ಎಡಗೈಗಿಂತ ದಪ್ಪ ಮಾಡಿವೆ. ಆ ಕೈಗೂ ಒಂದು ಲೆಕ್ಕವಿದೆ, ಅದನ್ನು ಕಿಲೋದಲ್ಲಿ ಹೇಳಬಹುದು ಎಂದು ತಿಳಿದದ್ದು ಮಾತ್ರ ಕುಮಟಾದಲ್ಲಿ ನಡೆದ ಒಂದು ಮಹಿಳಾ ದಿನಾಚರಣೆಯಲ್ಲಿ, ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ.

ಕರಪತ್ರದಲ್ಲಿ ಸ್ಪರ್ಧೆಗಳ ಪಟ್ಟಿ ಇತ್ತು. ರಂಗೋಲಿ, ಲಿಂಬು-ಚಮಚ, ಸಂಗೀತ ಕುರ್ಚಿ, ಒಂದು ನಿಮಿಷದಲ್ಲಿ ಅತಿ ಹೆಚ್ಚು ಬಿಂದಿ ಹಚ್ಚುವುದು, ಹೂ ಕಟ್ಟುವುದು. ಎಲ್ಲಕ್ಕೂ ಕೊನೆಯಲ್ಲಿ, "ಮುಷ್ಟಿ ಬಲ ಪರೀಕ್ಷೆ - ಮನರಂಜನೆಗಾಗಿ". ಆರೋಗ್ಯ ತಪಾಸಣೆಗೆ ಬಂದ ಫಿಸಿಯೋಥೆರಪಿಯ ಹುಡುಗಿಯೊಬ್ಬಳ ಬಳಿ ಹಿಡಿತ ಅಳೆಯುವ ಯಂತ್ರ ಇದೆಯೆಂದು ಗೊತ್ತಾಗಿ ಅದನ್ನೂ ಸೇರಿಸಿದ್ದರಂತೆ. ರಂಗೋಲಿಗೆ ಮೊದಲ ಬಹುಮಾನ ಪ್ರೆಶರ್ ಕುಕ್ಕರು. ಮುಷ್ಟಿ ಬಲಕ್ಕೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ.

ಡೈನಮೋಮೀಟರ್ ಎನ್ನುವ ಆ ಯಂತ್ರವನ್ನು ನೋಡದವರಿಗಾಗಿ ಹೇಳುತ್ತೇನೆ. ಇಕ್ಕಳದ ಹಾಗೆ ಒಂದು ಹಿಡಿ, ಅದರ ಮೇಲೆ ಗಡಿಯಾರದಂಥ ಒಂದು ಮುಖ. ಕುರ್ಚಿಯಲ್ಲಿ ನೆಟ್ಟಗೆ ಕೂತು, ತೋಳನ್ನು ಮೈಗೆ ಒತ್ತಿ, ಮೊಣಕೈಯನ್ನು ಕಾಟಕೋನಕ್ಕೆ ಮಡಚಿ, ಉಸಿರು ಬಿಗಿಹಿಡಿಯದೆ ಮೂರು ನಾಲ್ಕು ಸೆಕೆಂಡು ಹಿಂಡಬೇಕು. ಮುಳ್ಳು ಎಷ್ಟು ಕಿಲೋಕ್ಕೆ ಹೋಯಿತೆಂದು ನೋಡುತ್ತಾರೆ. ಮೂರು ಅವಕಾಶ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಸೊಂಟ ಎತ್ತುವಂತಿಲ್ಲ, ಕೈ ಬೀಸುವಂತಿಲ್ಲ. ಮೋಸಕ್ಕೆ ಜಾಗವೇ ಇಲ್ಲ. ಲಿಂಬು-ಚಮಚದಲ್ಲಿಯಾದರೆ ಹೆಬ್ಬೆರಳು ಒತ್ತಿ ಓಡಬಹುದು, ನೋಡಿ.

ನನ್ನ ಸರದಿ ಬಂದಾಗ "ಬಳೆ ಒಡೆದೀತು ಮಾರಾಯ್ತಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ಸಲ 25 ಕಿಲೋ ಬಂತು. ನಗು ನಿಂತಿತು. ಎರಡನೆಯ ಸಲ 28. ಮೂರನೆಯ ಸಲ 29. ಎಡಗೈ 24. ಬಳೆ ಒಂದೂ ಒಡೆಯಲಿಲ್ಲ. ಆ ಹೊತ್ತಿನಲ್ಲಿ ನನ್ನೊಳಗೆ ಆದ ಖುಷಿಯನ್ನು ಹೇಗೆ ಹೇಳಲಿ? ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು "ಹೊಲಿಗೆ ಚೆನ್ನಾಗಿದೆ, ತಡ ಮಾಡುತ್ತೀರಿ" ಎಂಬುದರ ಆಚೆ ಅಳೆದಿರಲಿಲ್ಲ.

ನಾನು ಗೆಲ್ಲಲಿಲ್ಲ, ಗೆಲ್ಲಬೇಕಾದವಳೂ ನಾನಲ್ಲ. ಅಂದಿನ ಊಟಕ್ಕೆಂದು ಕರೆಸಿದ್ದ ಅಡುಗೆಯ ಹೆಂಗಸೊಬ್ಬರು, ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು "ನಾನೂ ಒಂದ್ಸಲ ಹಿಡೀಲ?" ಎಂದು ಕೇಳಿದರು. ಹಿಂಡಿದರು. 36 ಕಿಲೋ. ಯಂತ್ರದ ಹುಡುಗಿ ನಂಬದೆ ಮತ್ತೊಮ್ಮೆ ಹಿಡಿಸಿದಳು. ಮತ್ತೆ 36.

ಆಮೇಲೆ ಶುರುವಾಯಿತು ನ್ಯಾಯ. "ಅವರು ಹೆಸರು ಬರೆಸಿಲ್ಲ" ಎಂದರು ಒಬ್ಬರು. ಅದು ನಿಯಮ, ಒಪ್ಪೋಣ. ಆದರೆ ಇನ್ನೊಬ್ಬರು ಹೇಳಿದ್ದು ನಿಯಮವಲ್ಲ: "ಅವರಿಗೆ ದಿನಾ ದೊಡ್ಡ ಪಾತ್ರೆ ಎತ್ತಿ ರೂಢಿ. ನಮಗೂ ಅವರಿಗೂ ಸರಿಸಮ ಆಗುವುದಿಲ್ಲ." ಸೋಪಿನ ಡಬ್ಬಿ 31 ಕಿಲೋ ಹಿಡಿದವರಿಗೆ ಹೋಯಿತು. ನಾನು ಎದ್ದು ನಿಂತು ವಾದಿಸಿದೆ. ಕೇಳಿದರು, ನಕ್ಕರು, ವಂದನಾರ್ಪಣೆ ಮಾಡಿ ಮುಗಿಸಿದರು.

ರೂಢಿಯಂತೆ! ಈ ಒಂದು ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿರುವುದು. ಗರಡಿಮನೆಯಲ್ಲಿ ಗಂಡಸು ದಿನಾ ಕಲ್ಲು ಎತ್ತಿದರೆ ಅದಕ್ಕೆ ಸಾಧನೆ ಎಂದು ಹೆಸರು. ಅವನಿಗೆ ಹಾಲು, ಬಾದಾಮಿ, ತುಪ್ಪ, ಗೆದ್ದು ಬಂದರೆ ಹಾರ. ಹೆಂಗಸು ದಿನಾ ನೂರು ಮಕ್ಕಳ ಅನ್ನದ ಪಾತ್ರೆ ಇಳಿಸಿದರೆ ಅದು ರೂಢಿ. ರೂಢಿಗೆ ಹಾಲೂ ಇಲ್ಲ, ಹಾರವೂ ಇಲ್ಲ. ಸ್ಪರ್ಧೆಗೆ ಬಂದರೆ ರೂಢಿಯೇ ದೋಷ! ಪೈಲ್ವಾನನೊಬ್ಬನನ್ನು "ನಿನಗೆ ದಿನಾ ಸಾಮು ಮಾಡಿ ರೂಢಿ, ನೀನು ಅಖಾಡಕ್ಕೆ ಇಳಿಯಬೇಡ" ಎಂದು ಯಾರಾದರೂ ಹೊರಗೆ ಕಳಿಸಿದ್ದುಂಟೇ? ಹೂ ಕಟ್ಟುವ ಸ್ಪರ್ಧೆಯಲ್ಲಿ ಮೊದಲು ಬಂದವರು ದಿನಾ ಭಟ್ಕಳ ಮಲ್ಲಿಗೆ ಕಟ್ಟುವವರೇ ಆಗಿದ್ದರು. ಅಲ್ಲಿ ರೂಢಿಗೆ ಯಾರೂ ಆಕ್ಷೇಪ ಎತ್ತಲಿಲ್ಲ. ಬೆರಳಿನ ನಯಕ್ಕೆ ರೂಢಿ ಶೋಭೆ, ಮುಷ್ಟಿಯ ಬಲಕ್ಕೆ ರೂಢಿ ಅಡ್ಡಿ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ.

ನಮ್ಮ ಕರಾವಳಿಯಲ್ಲಿ ಬಲಕ್ಕೆ ಬರಗಾಲವಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ನೀರಿಗಿಳಿದು ಬಳಚು ಆರಿಸುವ ಹೆಂಗಸರಿದ್ದಾರೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. ಅಲ್ಲಿಯ ಹಕ್ಕಿಗಳ ಬಗ್ಗೆ, ಮೀನುಗಳ ಬಗ್ಗೆ ಬರೆದರು, ಬರೆಯಲೇಬೇಕು. ಕೆಸರಿನಿಂದ ಚಿಪ್ಪು ಕಿತ್ತು ಬುಟ್ಟಿ ತುಂಬಿಸುವ ಕೈಗಳಿಗೆ ಎಷ್ಟು ಸಾಲು ಸಿಕ್ಕಿತು? ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಉಪ್ಪಿನ ಬುಟ್ಟಿ ಹೊತ್ತ ಕೈಗಳು, ಮೀನಿನ ಬುಟ್ಟಿ ಹೊತ್ತು ಬಸ್ಸಿನ ಕಂಬಿ ಹಿಡಿದು ನಿಂತು ಬರುವ ಕೈಗಳು, ಹೆದ್ದಾರಿಯ ಅಂಚಿನಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲು ಎತ್ತಿ ತೋರಿಸುವ ಕೈಗಳು ಇವೆಯಲ್ಲ, ಇವನ್ನೆಲ್ಲ ಒಂದು ಸಲ ಆ ಯಂತ್ರದ ಮುಂದೆ ಕೂರಿಸಿ ನೋಡಿ. ಆದರೆ ನಮ್ಮ ಮಹಿಳಾ ದಿನಾಚರಣೆಯ ಕರಪತ್ರ ಅವರ ಕೇರಿಗೆ ಹೋಗುವುದೇ ಇಲ್ಲ. ಹೋದರೂ ಅಡುಗೆಗೆ ಕರೆಯಲು ಹೋಗುತ್ತದೆ.

ಹೆಂಗಸರ ಬಲಕ್ಕೆ ಬಾಗಿಲು ಹಾಕುವ ಚಟ ಕುಮಟಾದಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. 1928ರ ಆಮ್ಸ್ಟರ್ಡಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಓಟ ಮುಗಿದ ಮೇಲೆ ಬಸವಳಿದರು ಎಂಬುದನ್ನೇ ದೊಡ್ಡದು ಮಾಡಿ ಆ ಓಟವನ್ನು ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ, ಮೂವತ್ತೆರಡು ವರ್ಷದ ಮೇಲೆ. ಓಡಿದ ಗಂಡಸರು ಬಸವಳಿಯುವುದಿಲ್ಲವೇ? ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಗಂಡಸರಿಗಿತ್ತು. ಹೆಂಗಸರಿಗೆ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಸಿಕ್ಕಿದ ಮೊದಲ ಸಲವೇ ನಮ್ಮ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರು. ಆ ಪದಕ ಬಂದದ್ದು ಬಿಂದಿ ಹಚ್ಚುವುದರಲ್ಲಿ ಅಲ್ಲ, ಕಬ್ಬಿಣ ಎತ್ತುವುದರಲ್ಲಿ. ಹೆಂಗಸರ ಕುಸ್ತಿ ಒಲಿಂಪಿಕ್ಸ್ ಸೇರಿದ್ದು 2004ರಲ್ಲಿ. ಈಗ ಮೈಸೂರು ದಸರೆಯ ಅಖಾಡದಲ್ಲೂ ಹೆಣ್ಣುಮಕ್ಕಳು ಸೆಣಸುತ್ತಾರೆ. ನಮ್ಮದೇ ಜಿಲ್ಲೆಯ ಹಳಿಯಾಳದ ಕಡೆ ಹುಡುಗಿಯರು ಮಣ್ಣಿಗಿಳಿದು ಪಟ್ಟು ಕಲಿಯುತ್ತಾರೆ. ಘಟ್ಟದ ಮೇಲೆ ಆಗುವುದು ಘಟ್ಟದ ಕೆಳಗೆ ಯಾಕೆ ಆಗಬಾರದು?

ನನ್ನ ಮಾತಿಗೆ ಬರುವ ಉತ್ತರಗಳೂ ನನಗೆ ಗೊತ್ತು. ಒಂದು, "ಏನೇ ಹೇಳಿ, ಗಂಡಸರ ಹಿಡಿತವೇ ಹೆಚ್ಚು." ಹೆಚ್ಚೇ, ಯಾರು ಅಲ್ಲವೆಂದರು? ಸರಾಸರಿಯಲ್ಲಿ ಬಹಳವೇ ಹೆಚ್ಚು. ನಾನು ಗಂಡಸರ ಜೊತೆ ಪಂಜ ಕಟ್ಟಲು ಹೋಗುತ್ತಿಲ್ಲ. ಗಂಡಸರಲ್ಲಿಯೂ ಐವತ್ತೇಳು ಕಿಲೋದವನನ್ನು ನೂರು ಕಿಲೋದವನ ಎದುರು ಇಳಿಸುವುದಿಲ್ಲ, ತೂಕ ನೋಡಿಯೇ ಜೋಡಿ ಮಾಡುತ್ತಾರೆ. ನಮ್ಮ ಜೋಡಿ ನಮಗೆ. ಅದಕ್ಕೂ "ಮನರಂಜನೆಗಾಗಿ" ಎಂದು ಬರೆದರೆ ಅದು ಅವಮಾನ.

ಇನ್ನೊಂದು, "ಹಿಂದಿನವರು ಒರಳಲ್ಲಿ ರುಬ್ಬುತ್ತಿದ್ದರು, ಬಾವಿಯಲ್ಲಿ ಸೇದುತ್ತಿದ್ದರು, ಅದಕ್ಕೇ ಗಟ್ಟಿ ಇದ್ದರು. ಈಗಿನವರಿಗೆ ಮಿಕ್ಸಿ ಬೇಕು, ಪಂಪು ಬೇಕು." ಇದನ್ನು ಹೇಳುವವರನ್ನು ಸರಿಯಾಗಿ ನೋಡಿ. ಅವರು ಎಂದೂ ಒರಳ ಮುಂದೆ ಕೂತವರಲ್ಲ. ನನ್ನ ಅಮ್ಮ ಕೂತಿದ್ದರು. ದೋಸೆಹಿಟ್ಟು ರುಬ್ಬಿ, ಐವತ್ತರ ಹೊತ್ತಿಗೆ ಭುಜ ಹಿಡಿದು, ತಲೆ ಬಾಚಲು ಕೈ ಎತ್ತಲಾರದೆ ಹೋದರು. ಒಂದೇ ಕೀಲನ್ನು, ಒಂದೇ ಬಗೆಯಲ್ಲಿ, ಬಿಡುವು ಕೊಡದೆ ತಿರುಗಿಸಿದರೆ ಅದು ವ್ಯಾಯಾಮವಲ್ಲ, ಸವೆತ. ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು. ಮಿಕ್ಸಿ ಉಳಿಸಿದ ಗಂಟೆಯಲ್ಲಿ ಅರ್ಧ ಗಂಟೆಯಾದರೂ ನಮ್ಮ ಮೈಗೆ ಸಿಗಲಿಲ್ಲವಲ್ಲ, ಅದು ಕೆಟ್ಟದ್ದು. ಆ ಗಂಟೆ ಮಕ್ಕಳ ಹೋಂವರ್ಕಿಗೆ, ಅತ್ತೆಯ ಔಷಧಿಗೆ, ಧಾರಾವಾಹಿಗೆ ಹಂಚಿಹೋಯಿತು.

ಮೂರನೆಯ ಉತ್ತರ ಹೆಂಗಸರದ್ದೇ: "ನಮಗೆ ಬಲ ಕಟ್ಟಿಕೊಂಡು ಏನಾಗಬೇಕಾಗಿದೆ?" ಇದಕ್ಕೆ ವೈದ್ಯರು ಉತ್ತರ ಕೊಟ್ಟಿದ್ದಾರೆ. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿ ಅಳೆದು, ಕೆಲವು ವರ್ಷ ಅವರನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂತು. ಹಿಡಿತ 5 ಕಿಲೋ ಕಡಿಮೆಯಾದ ಹಾಗೆಲ್ಲ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತು. ಆಯುಷ್ಯದ ಸುಳಿವು ಕೊಡುವುದರಲ್ಲಿ ರಕ್ತದೊತ್ತಡದ ಅಂಕಿಗಿಂತ ಮುಷ್ಟಿಯ ಅಂಕಿಯೇ ಮುಂದಿತ್ತು. ಹಾಗೆಂದು ರಬ್ಬರ್ ಚೆಂಡು ಹಿಸುಕಿದರೆ ಯಮ ವಾಪಸು ಹೋಗುತ್ತಾನೆ ಎಂದಲ್ಲ. ಮುಷ್ಟಿ ಒಂದು ಕನ್ನಡಿ. ಕಾಲು, ಬೆನ್ನು, ತೋಳು, ಊಟ ಎಲ್ಲ ಹೇಗಿದೆ ಎಂದು ಅದರಲ್ಲಿ ಕಾಣುತ್ತದೆ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಗೆರೆಯನ್ನೂ ಎಳೆದಿದೆ. ಹೆಂಗಸರಿಗೆ 18 ಕಿಲೋ, ಗಂಡಸರಿಗೆ 28. ಅದಕ್ಕಿಂತ ಕೆಳಗಿದ್ದರೆ ಸ್ನಾಯು ಕರಗುತ್ತಿರಬಹುದು, ವಿಚಾರಿಸಿ ಎಂದು ಅರ್ಥ.

ಅಂದು ಕುಮಟಾದಲ್ಲಿ ನನ್ನ ಹಿಂದೆ ಮುಂದೆ ಕೂತವರಲ್ಲಿ ಹದಿನೈದು, ಹದಿನಾರು ಹಿಡಿದವರಿದ್ದರು. ಚಂದದ ಸೀರೆ, ಕೈತುಂಬ ಚಿನ್ನ, ವಯಸ್ಸು ನಲವತ್ತು ದಾಟಿದ್ದಿಲ್ಲ. "ಅಯ್ಯೋ, ನಂಗೆ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೀಲಿಕ್ಕೂ ಅವರೇ ಬೇಕು" ಎಂದು ಹೇಳಿ ನಾಚಿಕೊಂಡರು. ನಾಚುವ ಮಾತಲ್ಲ ಅದು, ಎಚ್ಚರಾಗುವ ಮಾತು. ಮುಚ್ಚಳ ತೆಗೆಯುವ "ಅವರು" ನಮ್ಮ ಎಪ್ಪತ್ತೈದರಲ್ಲಿ ಇರುತ್ತಾರೋ ಇಲ್ಲವೋ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಕಂಬ ಹಿಡಿದು ನಿಲ್ಲಬೇಕಾದದ್ದು ನಮ್ಮದೇ ಕೈ. ಬಾಗಿಲ ಚಿಲಕ ಎಳೆಯುವುದಕ್ಕೆ, ಬಸ್ಸಿನ ಕಂಬಿ ಹಿಡಿಯುವುದಕ್ಕೆ, ಸ್ನಾನದ ನೀರಿನ ಬಕೆಟ್ ಎತ್ತುವುದಕ್ಕೆ ಬೇಕಾದ ಬಲವನ್ನು ಆ ವಯಸ್ಸಿನಲ್ಲಿ ಸಾಲ ತರಲಾಗುವುದಿಲ್ಲ. ಈಗಲೇ ಕೂಡಿಡಬೇಕು. ಚಿನ್ನದ ಚೀಟಿಗೆ ತಿಂಗಳು ತಿಂಗಳು ತಪ್ಪದೆ ಕಟ್ಟುವ ನಮಗೆ ಈ ಲೆಕ್ಕ ಕಷ್ಟವಾಗಬಾರದು.

ಕೂಡಿಡುವುದಕ್ಕೆ ಜಿಮ್ಮೇ ಬೇಕೆಂದಿಲ್ಲ. ಎರಡೂ ಕೈಯಲ್ಲಿ ನೀರು ತುಂಬಿದ ಕ್ಯಾನು ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಒದ್ದೆ ಟವೆಲನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಹಿಂಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ. ನೋವಿದ್ದರೆ ವೈದ್ಯರನ್ನು ಕೇಳಿ ಮಾಡಿ. ಮತ್ತೆ, ಎಲ್ಲರಿಗೂ ಬಡಿಸಿ ಉಳಿದ ತಳದ ಸಾರಿನಲ್ಲಿ ಊಟ ಮುಗಿಸುವುದನ್ನು ನಿಲ್ಲಿಸಿ. ಮೀನು ತಿನ್ನುವವರು ಮೀನು, ತಿನ್ನದವರು ಬೇಳೆ, ಮೊಸರು, ಕಡಲೆ ನಿಮ್ಮ ತಟ್ಟೆಗೂ ಮೊದಲೇ ತೆಗೆದಿಟ್ಟುಕೊಳ್ಳಿ. ತಿನ್ನದ ಮೈಯಲ್ಲಿ ಬಲ ಎಲ್ಲಿಂದ ಬರಬೇಕು?

ಭಟ್ಕಳ, ಹೊನ್ನಾವರ, ಕುಮಟಾದ ಮಹಿಳಾ ಮಂಡಲಗಳ ಅಕ್ಕಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ರಂಗೋಲಿ ಇರಲಿ, ಸಂಗೀತ ಕುರ್ಚಿಯೂ ಇರಲಿ, ನಾನೂ ಓಡಿ ಕೂತು ನಕ್ಕವಳೇ. ಆದರೆ ಮುಂದಿನ ಮಾರ್ಚಿನ ಕರಪತ್ರದಲ್ಲಿ ಮುಷ್ಟಿ ಬಲ ಪಟ್ಟಿಯ ಮೇಲ್ಗಡೆ ಬರಲಿ, "ಮನರಂಜನೆಗಾಗಿ" ಎಂಬ ಮಾತು ಹೋಗಲಿ. ವಯಸ್ಸಿಗೆ ತಕ್ಕಂತೆ ಮೂರು ವಿಭಾಗ ಮಾಡಿ, ಅರವತ್ತು ದಾಟಿದವರಿಗೆ ಒಂದು ಪ್ರತ್ಯೇಕ ಇರಲಿ. ಕರಪತ್ರ ಮೀನು ಮಾರುಕಟ್ಟೆಗೂ, ಬಳಚಿನ ದಕ್ಕೆಗೂ, ಬಿಸಿಯೂಟದ ಕೋಣೆಗೂ ಹೋಗಲಿ. ಹೆಸರು ಬರೆಸುವ ಮೇಜು ಅಡುಗೆಮನೆಯ ಬಾಗಿಲಿಗೆ ಹತ್ತಿರವಿರಲಿ. ಕುಕ್ಕರು ಯಾರಿಗೆ, ಸೋಪಿನ ಡಬ್ಬಿ ಯಾರಿಗೆ ಎಂಬುದನ್ನು ಆಗ ಹೊಸದಾಗಿ ಯೋಚಿಸೋಣ.