ರಾಷ್ಟ್ರಪತಿಯ ಸಹಿ, ಮುಖ್ಯಮಂತ್ರಿಯ ಟ್ವೀಟು



ಉನ್ನತ ಪದವಿಯಲ್ಲಿರುವವರು ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವುದರಿಂದ ಆ ಪದವಿಯ ಘನತೆ ಕುಂದುತ್ತದೆಯೇ ಎಂಬ ಪ್ರಶ್ನೆಯನ್ನು ಎಲ್ಲರೂ ಅಮೆರಿಕದ ಅಧ್ಯಕ್ಷರನ್ನು ಮುಂದಿಟ್ಟುಕೊಂಡೇ ಚರ್ಚಿಸುತ್ತಾರೆ. ನಾವು ಅಷ್ಟು ದೂರದಿಂದ ಆರಂಭಿಸಬೇಕಾಗಿಲ್ಲ. ಭಾರತದ ರಾಷ್ಟ್ರಪತಿಯ ಆಸನದಲ್ಲಿ ಕೆಲಕಾಲ ಕುಳಿತವರೊಬ್ಬರು ನಮ್ಮ ನೆರೆಯವರೇ. ಟ್ವೀಟುಗಳ ಬಿಸಿ ತಾಗಿದ ಗಡಿಯೂ ನಮ್ಮದೇ.

ಬಿ. ಡಿ. ಜತ್ತಿಯವರು ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಅಥಣಿಯ ಮೇಲೆ ಹೋದರೆ ನಮಗೆ ಅದು ದೂರವೇನಲ್ಲ. ಜಮಖಂಡಿಯಲ್ಲಿ ವಕೀಲಿ ಮಾಡಿದವರು, ಪುರಸಭೆಯಿಂದ ಸಾರ್ವಜನಿಕ ಜೀವನ ಆರಂಭಿಸಿದವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ಉಪರಾಷ್ಟ್ರಪತಿಗಳಾಗಿದ್ದಾಗ, 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದರು ನಿಧನರಾದುದರಿಂದ ಹಂಗಾಮಿ ರಾಷ್ಟ್ರಪತಿಗಳಾದರು. ಅದೇ ಏಪ್ರಿಲ್ ತಿಂಗಳ ಕೊನೆಗೆ ಜನತಾ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆ ನೀಡಿದಾಗ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕಡೆಗೆ ಏಪ್ರಿಲ್ 30ರಂದು ಸಹಿಯಾಯಿತು.

ಅವರ ಹಿಂಜರಿಕೆ ಸರಿಯೆಂದು ನಾನು ವಾದಿಸುವುದಿಲ್ಲ. 1976ರ 42ನೆಯ ತಿದ್ದುಪಡಿಯ ನಂತರ ಸಂಪುಟದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಗೆ ಕಡ್ಡಾಯವಾಗಿತ್ತು. ಆದರೆ ಮುಂದೆ ನಡೆದುದನ್ನು ಗಮನಿಸಿ. 1978ರ 44ನೆಯ ತಿದ್ದುಪಡಿಯು, ಸಲಹೆಯನ್ನು ಪುನಃ ಪರಿಶೀಲಿಸಿರೆಂದು ಒಮ್ಮೆ ಹಿಂದಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಟ್ಟಿತು. ಎರಡನೆಯ ಸಲ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಅಂದರೆ ನಮ್ಮ ಸಂವಿಧಾನವು ದೇಶದ ಅತ್ಯುನ್ನತ ಪದವಿಗೆ ಕೊಟ್ಟಿರುವ ಮುಖ್ಯ ಅಧಿಕಾರಗಳಲ್ಲಿ ಒಂದು 'ಸ್ವಲ್ಪ ತಾಳಿರಿ' ಎನ್ನುವ ಅಧಿಕಾರ. ಕೆ. ಆರ್. ನಾರಾಯಣನ್ ಅವರು 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಡಳಿತ ಹೇರುವ ಸಲಹೆಯನ್ನು ಹೀಗೆಯೇ ಹಿಂದಿರುಗಿಸಿದರು. ಗುಜ್ರಾಲ್ ಸಂಪುಟವು ಆ ವಿಚಾರವನ್ನೇ ಕೈಬಿಟ್ಟಿತು. ಕಡತವೊಂದು ಹೋಗಿ ಮರಳಿ ಬಂದಿತು, ಅಷ್ಟೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2005ರ ಮೇ ತಿಂಗಳಿನಲ್ಲಿ ಅಬ್ದುಲ್ ಕಲಾಂ ಅವರು ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆಯ ವಿಸರ್ಜನೆಯ ಪತ್ರವು ಫ್ಯಾಕ್ಸಿನಲ್ಲಿ ಹೋಗಿ ಅಲ್ಲಿಯೇ ಸಹಿಯಾಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕವೆಂದಿತು. ಅಂಥ ಸಜ್ಜನರಿಗೂ ರಾಜೀನಾಮೆಯ ಯೋಚನೆ ಬರುವಷ್ಟು ನೋವಾಯಿತು. ನಡುವಿನ ಬಿಡುವನ್ನು ಯಂತ್ರವೊಂದು ನುಂಗಿಹಾಕಿದಾಗ ಹೀಗಾಗುತ್ತದೆ. ಆಗಿನ್ನೂ ಫ್ಯಾಕ್ಸಿನ ಕಾಲ. ಕೈಯಲ್ಲಿ ಮೊಬೈಲು ಬಂದ ಮೇಲಿನ ಕಥೆಯೇ ಬೇರೆ.

ಆ ಕಥೆ ನಮ್ಮ ಊರ ಸಮೀಪದಲ್ಲಿಯೇ ನಡೆದದ್ದು ನಿಮಗೆ ನೆನಪಿರಬೇಕು. 2022ರ ನವೆಂಬರಿನಲ್ಲಿ ನಮ್ಮ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲ್ಲೂಕಿನ ಹಳ್ಳಿಗಳ ಪ್ರಸ್ತಾಪ ಮಾಡಿದರು. ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು, ಒಂದು ಹಳ್ಳಿಯೂ ಹೋಗದು, ಬೆಳಗಾವಿ ಕಾರವಾರ ನಿಪ್ಪಾಣಿಗಳನ್ನು ನಾವೇ ಪಡೆಯುತ್ತೇವೆ ಎಂಬರ್ಥದಲ್ಲಿ ಉತ್ತರಿಸಿದರು. ಬೊಮ್ಮಾಯಿಯವರು ಟ್ವಿಟರಿನಲ್ಲಿ, ಆ ಕನಸು ಎಂದಿಗೂ ನನಸಾಗದೆಂದೂ ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡ ಪ್ರದೇಶಗಳು ನಮಗೆ ಸೇರಬೇಕೆಂದೂ ಬರೆದರು. ಡಿಸೆಂಬರ್ 6ರಂದು ಹಿರೇಬಾಗೇವಾಡಿಯ ಟೋಲ್ ನಾಕಾದ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಮಹಾರಾಷ್ಟ್ರದ ಎಸ್‌.ಟಿ. ಬಸ್ಸುಗಳು ಕರ್ನಾಟಕಕ್ಕೆ ಬರುವುದು ನಿಂತಿತು.

ಬೆಂಗಳೂರು ಮುಂಬಯಿಗಳಲ್ಲಿ ಕುಳಿತವರಿಗೆ ಇದು ಸುದ್ದಿ. ಶೇಡಬಾಳದವರಿಗೆ ಇದು ದಿನದ ಬಾಳು. ನಮಗೆ ದೊಡ್ಡ ದವಾಖಾನೆಯೆಂದರೆ ಮಿರಜ, ಬಟ್ಟೆ ಬಂಗಾರವೆಂದರೆ ಸಾಂಗಲಿ. ಎಷ್ಟೋ ಮನೆಗಳ ಸೊಸೆಯಂದಿರು ಆ ಕಡೆಯವರು, ಹೆಣ್ಣುಮಕ್ಕಳು ಅತ್ತಲಿಗೇ ಹೋದವರು. ಆ ವಾರ ನಮ್ಮ ಓಣಿಯ ವೃದ್ಧರೊಬ್ಬರು ಕಣ್ಣಿನ ಶಸ್ತ್ರಚಿಕಿತ್ಸೆಯ ತಾರೀಖನ್ನು ಮುಂದೂಡಿಸಿದರು. "ರೈಲ್ವೆ ಐತಲ್ಲ, ಅಜ್ಜಾ" ಎಂದರೆ, "ಹೋಗಾಕ ರೈಲ್ವೆ ಐತಿ, ಆದ್ರ ಅಲ್ಲಿ ಬಾಯಿ ತೆರೆದು ಕನ್ನಡ ಮಾತಾಡಬೇಕೋ ಬ್ಯಾಡೋ?" ಎಂದು ಕೇಳಿದರು. ಐವತ್ತು ವರ್ಷ ಮಿರಜದ ಪೇಟೆಯಲ್ಲಿ ಕನ್ನಡ ಮರಾಠಿ ಎರಡನ್ನೂ ಬೆರೆಸಿ ಮಾತನಾಡಿದ ಮನುಷ್ಯ ಅವರು.

ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಇಬ್ಬರೂ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿಕೊಂಡರು. ಎರಡೂ ರಾಜ್ಯಗಳ ತಲಾ ಮೂವರು ಸಚಿವರ ಸಮಿತಿಯಾಗಬೇಕೆಂದು ತೀರ್ಮಾನವಾಯಿತು. ಅದರೊಂದಿಗೆ ಅವರು ಇನ್ನೊಂದು ಮಾತು ಹೇಳಿದರು: ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳಿಂದಲೂ ಈ ಬೆಂಕಿ ಹೆಚ್ಚಿದೆ, ಅಂಥವುಗಳ ಮೇಲೆ ಎಫ್‌ಐಆರ್ ಆಗಬೇಕು. ಬೊಮ್ಮಾಯಿಯವರೂ ಆ ಬಗೆಯ ಟ್ವೀಟುಗಳು ತಮ್ಮವಲ್ಲವೆಂದರು.

ನಕಲಿ ಖಾತೆಯವನನ್ನು ಹಿಡಿಯಬೇಕು ಎನ್ನುವುದು ಸರಿ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಜನ ಅದನ್ನು ಹೇಗೆ ನಂಬಿದರು? ರಾಷ್ಟ್ರಪತಿ ಭವನದ ಹೆಸರಿನಲ್ಲಿ ಯಾರಾದರೂ ಕೆಣಕುವ ಮಾತನ್ನು ಹರಿಯಬಿಟ್ಟರೆ ನಮ್ಮ ಹಳ್ಳಿಯ ಕಟ್ಟೆಯ ಮೇಲಿನವರೂ "ಇದು ಅವರ ಮಾತಲ್ಲ" ಎನ್ನುತ್ತಾರೆ. ಮುಖ್ಯಮಂತ್ರಿಯ ಹೆಸರಿನ ಖೋಟಾ ಮಾತನ್ನು ಯಾರೂ ಹಾಗೆನ್ನಲಿಲ್ಲ, ಏಕೆಂದರೆ ಅಸಲಿ ಮಾತುಗಳೂ ಅದೇ ದಾರಿಯಲ್ಲಿ, ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ, ಎರಡೂ ರಾಜ್ಯಗಳಿಂದ ಬರುತ್ತಿದ್ದವು. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಗೊತ್ತು: ನಕಲು ಸಿಕ್ಕಿಬೀಳುವುದು ಮೂಲದ ಹುಡುಗನ ಶೈಲಿ ಅಚ್ಚುಕಟ್ಟಾಗಿದ್ದಾಗ. ಮೂಲವೇ ಗೀಚಿದಂತಿದ್ದರೆ ಯಾರದು ಯಾರದೆಂದು ಪರೀಕ್ಷಕ ಹೇಗೆ ಹೇಳಿಯಾನು? ಪದವಿಯ ಘನತೆಯೆಂದರೆ ನನ್ನ ದೃಷ್ಟಿಯಲ್ಲಿ ಹಾರ ತುರಾಯಿಗಳಲ್ಲ. ಆ ಪದವಿಯ ಹೆಸರಿನಲ್ಲಿ ಸುಳ್ಳು ಹೇಳುವುದು ಕಷ್ಟವಾಗಿರಬೇಕು.

ಇದೇ ಗಡಿಯ ವಿಷಯದಲ್ಲಿ ಮಹಾಜನ ಆಯೋಗ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇವು ನಿಧಾನದ ದಾರಿಗಳು, ಬೇಸರ ತರಿಸುವ ದಾರಿಗಳು. ಆದರೆ ವರದಿಯನ್ನೋ ದಾವೆಯ ಕಾಗದವನ್ನೋ ಯಾರೂ ಒಂದು ರಾತ್ರಿಯಲ್ಲಿ ಖೋಟಾ ಮಾಡಿ ಲಾರಿಗೆ ಕಲ್ಲು ಹೊಡೆಸಲಿಲ್ಲ.

ಇನ್ನು ಅಮೆರಿಕದ ಮಾತು. ಟ್ರಂಪ್ ಅವರು 2018ರ ಮಾರ್ಚಿನಲ್ಲಿ ತಮ್ಮ ವಿದೇಶಾಂಗ ಸಚಿವ ಟಿಲ್ಲರ್‌ಸನ್ನರನ್ನು ತೆಗೆದುಹಾಕಿದ್ದನ್ನು ಲೋಕಕ್ಕೆ ತಿಳಿಸಿದ್ದು ಟ್ವೀಟಿನಲ್ಲಿ. ನಮ್ಮಲ್ಲಿ ಶಾಲೆಯ ಜವಾನನನ್ನು ತೆಗೆಯಬೇಕಾದರೂ ಕಾರಣ ಕೇಳಿ ನೋಟಿಸು ಕೊಡಬೇಕು! 2025ರ ಮೇ 10ರಂದು ಭಾರತ ಪಾಕಿಸ್ತಾನಗಳ ಕದನ ನಿಲ್ಲುವ ವಾರ್ತೆಯನ್ನು ನಮ್ಮ ಸರಕಾರ ಹೇಳುವ ಮೊದಲೇ ಅದೇ ಅಧ್ಯಕ್ಷರು ತಮ್ಮ ಜಾಲತಾಣದಲ್ಲಿ ಸಾರಿಬಿಟ್ಟರು. ಗಡಿಯಲ್ಲಿ ಮಗನಿದ್ದ ತಾಯಿಗೆ ಆ ವಾರ್ತೆ ದೆಹಲಿಯಿಂದ ಮೊದಲು ಬರಬೇಕಿತ್ತು. ಅಲ್ಲಿ ಕುಂದಿದ್ದು ಅವರ ಪದವಿಯ ಘನತೆಯಷ್ಟೇ ಅಲ್ಲ, ನಮ್ಮದೂ ಹೌದು.

ಜಾಲತಾಣವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸುಷ್ಮಾ ಸ್ವರಾಜ್ ಅವರು ವಿದೇಶಾಂಗ ಸಚಿವೆಯಾಗಿದ್ದ 2014ರಿಂದ 2019ರವರೆಗೆ, ಪಾಸ್‌ಪೋರ್ಟ್ ಕಳೆದುಕೊಂಡವರಿಗೂ ಪರದೇಶದಲ್ಲಿ ಸಿಕ್ಕಿಬಿದ್ದವರಿಗೂ ಟ್ವಿಟರಿನಲ್ಲಿಯೇ ಉತ್ತರಿಸಿ ನೆರವಾದರು. ಅದರಿಂದ ಪದವಿ ದೊಡ್ಡದಾಯಿತು. ಆ ತಾಯಿ ಬರೆಯುತ್ತಿದ್ದುದು ಕಷ್ಟದಲ್ಲಿದ್ದವರಿಗೆ. ನಮ್ಮ ಗಡಿಯ ನಾಯಕರು ಬರೆದದ್ದು ಎದುರಾಳಿಗೆ, ಅದೂ ತಮ್ಮವರ ಚಪ್ಪಾಳೆಗಾಗಿ. ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ ಊರು ನಮ್ಮದು. ಜೈನ ಮುನಿಗಳ ಐದು ಸಮಿತಿಗಳಲ್ಲಿ ಒಂದು ಭಾಷಾ ಸಮಿತಿ, ಮೂರು ಗುಪ್ತಿಗಳಲ್ಲಿ ಒಂದು ವಚನ ಗುಪ್ತಿ. ಮಂತ್ರಿಗಳು ಮುನಿಗಳಾಗಬೇಕಿಲ್ಲ, ಹಿಂಸೆ ಮೊದಲು ಮಾತಿನಲ್ಲಿ ಹುಟ್ಟುತ್ತದೆಂಬ ಅರಿವಿದ್ದರೆ ಸಾಕು.

ರಾಷ್ಟ್ರಪತಿ ಭವನದವರು ಒಂದು ಒಳ್ಳೆಯ ಪದ್ಧತಿ ಹಾಕಿದ್ದಾರೆ. 2017ರಲ್ಲಿ ಪ್ರಣಬ್ ಮುಖರ್ಜಿಯವರ ಅವಧಿ ಮುಗಿದಾಗ ಅವರ ಕಾಲದ ಟ್ವೀಟುಗಳನ್ನು ಬೇರೆ ಖಾತೆಯಲ್ಲಿ ದಾಖಲೆಯಾಗಿ ಇಟ್ಟು, ಭವನದ ಖಾತೆಯನ್ನು ಮುಂದಿನವರಾದ ಕೋವಿಂದರಿಗೆ ವಹಿಸಿಕೊಟ್ಟರು. ಖಾತೆ ಕುರ್ಚಿಯದು, ಕುಳಿತವರದಲ್ಲ. ಮುಖ್ಯಮಂತ್ರಿಗಳೂ ಸರಕಾರದ ನಿಲುವನ್ನು ಕುರ್ಚಿಯ ಖಾತೆಯಲ್ಲಿ ಮಾತ್ರ, ಕಡತದಲ್ಲಿ ಕರಡು ಒಪ್ಪಿಗೆಯಾದ ಮೇಲೆ ಮಾತ್ರ ಪ್ರಕಟಿಸಲಿ.

ನಾಯಕರೊಬ್ಬರ ಪರವಾಗಿ ಇಂಥದನ್ನು ಬರೆಯುವ ನೌಕರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ದೀಪಾವಳಿಗೆ ಊರಿಗೆ ಬಂದಾಗ ಮನೆಗೆ ಬಂದಿದ್ದ. "ಸರ್, ತಾವು ಏನು ಬರದೀವಂತ ಸಾಹೇಬ್ರಿಗೆ ಮರುದಿನ ಪೇಪರ್‌ನ್ಯಾಗ ಓದಿದ ಮ್ಯಾಲೇ ಗೊತ್ತಾಗೋದ್ರಿ" ಎಂದು ನಗುತ್ತ ಹೇಳಿದ. ಒಂದು ವಹಿ ಇಡಪ್ಪಾ, ಪ್ರತಿ ಸಾಲನ್ನೂ ಅದರಲ್ಲಿ ಬರೆದು ಸಾಹೇಬರ ಸಹಿ ಮಾಡಿಸಿಕೊಂಡೇ ಕಳಿಸು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಹಿ ಕೇಳಿದ್ರ ಅರ್ಧಕ್ಕರ್ಧ ಬರಿಯೋದ ನಿಂತ ಹೋಗ್ತದ್ರಿ, ಸರ್" ಎಂದ.